ಉಳಿದ ಹಾಳೆಗಳ ಲೆಕ್ಕ



ಮೇ ತಿಂಗಳ ಕೊನೆಯ ವಾರದಲ್ಲಿ ಶಿವಮೊಗ್ಗದ ಗಾಂಧಿ ಬಜಾರ್, ನೆಹರು ರಸ್ತೆ, ದುರ್ಗಿಗುಡಿಯ ಕಡೆ ಸುತ್ತಾಡಿದವರಿಗೆ ಈ ನೋಟ ಹೊಸದಲ್ಲ. ಪುಸ್ತಕದಂಗಡಿಗಳ ಮುಂದೆ ಜನ ಎರಡು ಮೂರು ಸಾಲಾಗಿ ನಿಂತಿರುತ್ತಾರೆ. ಅಪ್ಪನ ಕೈಯಲ್ಲಿ ಶಾಲೆಯವರು ಕೊಟ್ಟ ಚೀಟಿ, ಅಮ್ಮನ ಕೈಯಲ್ಲಿ ಚೀಲ, ಮಕ್ಕಳ ಕಣ್ಣು ಮಾತ್ರ ಮೇಲೆ ನೇತುಹಾಕಿದ ಹೊಸ ಬ್ಯಾಗುಗಳ ಮೇಲೆ. "ಇನ್ನೂರು ಪುಟದ್ದು ಒಂದು ಡಜನ್ನು, ನೂರು ಪುಟದ್ದು ಆರು, ನಾಲ್ಕು ಗೀಟಿಂದು ಎರಡು, ಚೌಕದ ಲೆಕ್ಕದ ಪುಸ್ತಕ ಎರಡು, ಬೈಂಡ್ ಶೀಟು, ಲೇಬಲ್ಲು" ಎಂದು ಚೀಟಿ ಓದಿದಷ್ಟೂ ಅಂಗಡಿಯ ಹುಡುಗ ಅಟ್ಟದಿಂದ ಕಟ್ಟುಗಳನ್ನು ಇಳಿಸುತ್ತಲೇ ಇರುತ್ತಾನೆ. ಹದಿನೆಂಟು ಕಿಲೋಮೀಟರ್ ಆಚೆ, ಭದ್ರಾವತಿಯ ಬಿ.ಎಚ್. ರಸ್ತೆಯಲ್ಲೂ ಇದೇ ಸಡಗರ.

ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಒಂದು ಮಧ್ಯಾಹ್ನದ ಕೆಲಸವಿದೆ. ಅದನ್ನು ಮಾಡಿ ಹೊರಟವರ ಚೀಟಿ ಅರ್ಧಕ್ಕೆ ಇಳಿಯದಿದ್ದರೂ ಕಾಲುಭಾಗವಾದರೂ ಕಡಿಮೆಯಾಗುತ್ತದೆ. ಈ ಹೊತ್ತಿನ ಮಾತು ಆ ಒಂದು ಮಧ್ಯಾಹ್ನದ ಕುರಿತು.

ಭದ್ರಾವತಿಯ ಜನ್ನಾಪುರದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಊಟ ಮುಗಿದಿದೆ, ಹೊರಗೆ ಮುಂಗಾರಿನ ಮೊದಲ ಮೋಡ ಕಟ್ಟಿದೆ. ಪಡಸಾಲೆಯ ನೆಲದ ಮೇಲೆ ಚಾಪೆ ಹಾಸಿ, ಐದನೇ ತರಗತಿ ಮುಗಿಸಿದ ಹುಡುಗಿ ಕಳೆದ ವರ್ಷದ ಬ್ಯಾಗನ್ನು ತಲೆಕೆಳಗು ಮಾಡುತ್ತಾಳೆ. ಎಂಟು ನೋಟ್ ಪುಸ್ತಕ, ಮೂರು ರಫ್ ಪುಸ್ತಕ, ಬಾಯಿ ಮುರಿದ ಕಂಪಾಸ್ ಬಾಕ್ಸು, ಹೆಬ್ಬೆರಳುದ್ದದ ಏಳು ಪೆನ್ಸಿಲು, ಮುಚ್ಚಳವಿಲ್ಲದ ನಾಲ್ಕು ಪೆನ್ನು, ಒಂದು ಮೆಂಡರ್, ಒಣಗಿದ ಗೋಂದಿನ ಬಾಟಲಿ. "ಅಮ್ಮ, ಇದ್ರಲ್ಲಿ ಇನ್ನೂ ಎಷ್ಟೊಂದು ಹಾಳೆ ಉಳ್ದಿದೆ ನೋಡು" ಎಂದು ಅವಳು ಸಮಾಜದ ಪುಸ್ತಕ ಎತ್ತಿ ತೋರಿಸುತ್ತಾಳೆ. ಅಜ್ಜಿ ಮೂಲೆಯಲ್ಲಿ ಕೂತು ಹೂ ಕಟ್ಟುತ್ತಿದ್ದವರು, "ದಬ್ಬಣ ತಾ ಮಗ" ಎನ್ನುತ್ತಾರೆ.

ಅಜ್ಜಿಗೆ ದಬ್ಬಣ ನೆನಪಾದದ್ದು ಸುಮ್ಮನೆ ಅಲ್ಲ. ಹಳೆಯ ಪುಸ್ತಕಗಳ ಖಾಲಿ ಹಾಳೆ ಬಿಡಿಸಿ, ಹೊಲಿದು, ಹೊಸ ಪುಸ್ತಕ ಮಾಡಿಕೊಂಡು ಓದಿದ ಮಂದಿ ಈ ಸೀಮೆಯಲ್ಲಿ ಇನ್ನೂ ಮನೆಮನೆಯಲ್ಲಿದ್ದಾರೆ. ಲೆಕ್ಕ ಸರಳ. ಎಂಟು ಪುಸ್ತಕದಲ್ಲಿ ಒಂದೊಂದರಲ್ಲಿ 15 ಹಾಳೆ ಉಳಿದರೂ 120 ಹಾಳೆಯಾಯಿತು. ಅಂದರೆ 240 ಪುಟ, ಅಂಗಡಿಯ ಇನ್ನೂರು ಪುಟದ ಒಂದು ಪುಸ್ತಕಕ್ಕಿಂತ ಹೆಚ್ಚು. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಇಡೀ ವರ್ಷದ ರಫ್ ಪುಸ್ತಕ ಕೊಳ್ಳುವುದೇ ಬೇಡ.

ಹೊಲಿಯುವುದು ಹೇಗೆ? ನಡುವೆ ಪಿನ್ನು ಹೊಡೆದ ಪುಸ್ತಕದಲ್ಲಿ ಕೊನೆಯ ಖಾಲಿ ಹಾಳೆಯ ಜೋಡಿ ಮೊದಲಲ್ಲಿರುತ್ತದೆ, ಅದರ ಮೇಲೆ ಬರೆದಾಗಿರುತ್ತದೆ. ಆದ್ದರಿಂದ ಹಾಳೆಯನ್ನು ಪಿನ್ನಿನಿಂದ ಎಳೆದು ತೆಗೆಯದೆ, ಮಡಿಕೆಯ ಪಕ್ಕ ಸ್ಕೇಲಿಟ್ಟು ನೀಟಾಗಿ ಹರಿದುಕೊಳ್ಳಬೇಕು. ಹೀಗೆ ಬಿಡಿಸಿದ ಹಾಳೆಗಳನ್ನು ಗೀಟಿನ ಪ್ರಕಾರ ಬೇರೆ ಮಾಡಿ, ಅರವತ್ತು ಅರವತ್ತರ ಕಟ್ಟು ಮಾಡಬೇಕು. ಅದಕ್ಕಿಂತ ದಪ್ಪವಾದರೆ ದಬ್ಬಣ ಇಳಿಯುವುದಿಲ್ಲ. ಮೇಲೊಂದು ಕೆಳಗೊಂದು ಹಳೆಯ ರಟ್ಟು ಇಟ್ಟು, ಅಂಚು ಸರಿಮಾಡಿ, ಬಟ್ಟೆಯ ಕ್ಲಿಪ್ಪು ಹಾಕಿ ಹಿಡಿದುಕೊಳ್ಳಬೇಕು. ಎಡ ಅಂಚಿನಿಂದ ಒಂದು ಬೆರಳಗಲ ಒಳಗೆ ಮೂರು ಗುರುತು: ಒಂದು ನಡುವೆ, ಮೇಲೊಂದು, ಕೆಳಗೊಂದು. ಕಟ್ಟನ್ನು ಮರದ ಮಣೆಯ ಮೇಲಿಟ್ಟು ಮೊಳೆಯಿಂದ ತೂತು ಮಾಡುವುದು ದೊಡ್ಡವರ ಕೆಲಸ. ಆಮೇಲಿನದು ಮಗುವಿನದು. ದಪ್ಪ ದಾರ ಪೋಣಿಸಿದ ದಬ್ಬಣ ನಡುವಿನ ತೂತಿನಲ್ಲಿ ಕೆಳಗಿನಿಂದ ಮೇಲೆ ಬರಬೇಕು, ಮೇಲಿನ ತೂತಿನಲ್ಲಿ ಕೆಳಗಿಳಿಯಬೇಕು, ಹಿಂಬದಿಯಲ್ಲಿ ಉದ್ದಕ್ಕೆ ಸಾಗಿ ಕೊನೆಯ ತೂತಿನಲ್ಲಿ ಮೇಲೇರಬೇಕು, ಮತ್ತೆ ನಡುವಿನ ತೂತಿನಲ್ಲಿ ಇಳಿಯಬೇಕು. ಈಗ ದಾರದ ಎರಡೂ ತುದಿ ಹಿಂಬದಿಯಲ್ಲಿ ಒಂದೇ ಕಡೆ ಸೇರುತ್ತವೆ. ಹಿಂದೆ ಉದ್ದಕ್ಕೆ ಹಾದ ದಾರವನ್ನು ನಡುವೆ ಹಿಡಿದು ಬಿಗಿಯಾಗಿ ಗಂಟು ಹಾಕಿದರೆ ಪುಸ್ತಕ ಸಿದ್ಧ. ಬೆನ್ನಿಗೆ ಹಳೆಯ ಕ್ಯಾಲೆಂಡರಿನ ದಪ್ಪ ಕಾಗದದ ಪಟ್ಟಿ ಅಂಟಿಸಿದರೆ ವರ್ಷವಿಡೀ ಬಾಳುತ್ತದೆ. ಮೊದಲ ಪುಸ್ತಕಕ್ಕೆ ಅರ್ಧ ಗಂಟೆ ಹಿಡಿಯಬಹುದು, ಮೂರನೆಯದಕ್ಕೆ ಹತ್ತು ನಿಮಿಷ ಸಾಕು.

ಅಂಟಿನ ಬಗ್ಗೆ ಒಂದು ಎಚ್ಚರಿಕೆ. ಮೈದಾ ಗಂಜಿಯ ಅಂಟಿಗೆ ಹುಳ ಬರುತ್ತದೆಂದು ಹಿಂದೆ ಬೈಂಡಿಂಗ್ ಕೆಲಸದವರು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಮೈಲುತುತ್ತ ವಿಷ. ಮಕ್ಕಳ ಕೈ ಬಾಯಿಗೆ ಹೋಗುವ ಮನೆಯಲ್ಲಿ ಅದು ಖಂಡಿತ ಬೇಡ.

ಭದ್ರಾವತಿಯಲ್ಲಿ ಕೂತು ಕಾಗದದ ಮಾತಾಡುವಾಗ ಊರಿನ ಇನ್ನೊಂದು ಹೆಸರು ನೆನಪಾಗದೆ ಇರದು. ಪೇಪರ್ ಟೌನ್, ಕಾಗದನಗರ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಭದ್ರಾ ನದಿಯ ದಂಡೆಯ ಮೇಲೆ ಮೈಸೂರು ಕಾಗದ ಕಾರ್ಖಾನೆ ಹುಟ್ಟಿತು. ಜನ ಎಂಪಿಎಂ ಎಂದೇ ಕರೆದರು. 1977ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು. ಮಲೆನಾಡಿನ ಬಿದಿರು, ಮುಂದೆ ನೀಲಗಿರಿ ಮತ್ತು ಅಕೇಶಿಯಾ ನೆಡುತೋಪುಗಳ ಮರ ಇಲ್ಲಿ ತಿರುಳಾಗಿ, ಬರೆಯುವ ಕಾಗದವಾಗಿ, ಪತ್ರಿಕೆ ಮುದ್ರಿಸುವ ಕಾಗದವಾಗಿ ಹೊರಬಿತ್ತು. ಪಾಳಿಯ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡು ಬದುಕಿದ ಕುಟುಂಬಗಳು ಸಾವಿರಾರು. ಒಂದು ದಸ್ತು ಎಂದರೆ 24 ಹಾಳೆ, ಇಪ್ಪತ್ತು ದಸ್ತು ಸೇರಿದರೆ ಒಂದು ರೀಮು ಎಂಬ ಹಳೆಯ ಲೆಕ್ಕ ಈ ಊರಿನ ಹಿರಿಯರಿಗೆ ಬಾಯಿಪಾಠ. 2015-16ರ ಸುಮಾರಿಗೆ ಯಂತ್ರಗಳು ನಿಂತವು. ಕಾರ್ಖಾನೆಯ ಚಿಮಣಿಯ ನೆರಳಲ್ಲಿ ಬೆಳೆದ ಮಕ್ಕಳು ಇಂದು ಬೇರೆ ಊರಿನ ಕಾಗದದ ಮೇಲೆ ಬರೆಯುತ್ತಿದ್ದಾರೆ. ಒಂದು ಹಾಳೆಯ ಹಿಂದೆ ಎಷ್ಟು ಮರ, ಎಷ್ಟು ನೀರು, ಎಷ್ಟು ಜನರ ರಾತ್ರಿ ಪಾಳಿ ಇರುತ್ತದೆಂದು ಇತರ ಊರುಗಳ ಮಕ್ಕಳಿಗೆ ಪುಸ್ತಕದಲ್ಲಿ ಹೇಳಿಕೊಡಬೇಕು. ಭದ್ರಾವತಿಯ ಮಗುವಿಗೆ ಅದನ್ನು ಅಜ್ಜನೇ ಹೇಳಬಲ್ಲ. ಹಾಳೆ ಹೊಲಿಯುವ ಮಧ್ಯಾಹ್ನ ಆ ಮಾತಿಗೆ ಒಳ್ಳೆಯ ಸಮಯ.

ಇನ್ನೂ ಹಿಂದಕ್ಕೆ ಹೋದರೆ ಬರೆದದ್ದನ್ನು ಒರೆಸಿ ಮತ್ತೆ ಬರೆಯುವ ಪುಸ್ತಕವೇ ಈ ನಾಡಿನಲ್ಲಿತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಚಿದರೆ ಕಡತವಾಗುತ್ತಿತ್ತು. ಕಪ್ಪು ಮೈಯ ಮೇಲೆ ಬಳಪದಲ್ಲಿ ಬರೆಯುವುದು. ಬೇಡವಾದಾಗ ಒರೆಸಿ, ಮತ್ತೆ ಸರಿ ಬಳಿದು, ಹೊಸದಾಗಿ ಬರೆಯುವುದು. ತುಂಗೆಯ ಮೇಲುಹರಿವಿನ ಶೃಂಗೇರಿ ಮಠದ ಕಡತಗಳು ಇತಿಹಾಸ ಸಂಶೋಧಕರಿಗೆ ಇಂದಿಗೂ ಆಕರ. ಕಚೇರಿಯ ಫೈಲಿಗೆ ನಾವು ಕಡತ ಎನ್ನುವುದು ಆ ಬಟ್ಟೆಯ ಪುಸ್ತಕದ ನೆನಪಿನಲ್ಲೇ. ಅದರ ಮರಿಯಂತೆ ಮಕ್ಕಳ ಕೈಗೆ ಬಂದದ್ದು ಸ್ಲೇಟು. ಸಣ್ಣ ತರಗತಿಯ ಮಗುವಿಗೆ ಮಗ್ಗಿ ಬರೆಯಲು, ಕಾಗುಣಿತ ತಿದ್ದಲು ಸ್ಲೇಟಿಗಿಂತ ಒಳ್ಳೆಯ ಸಾಧನ ಇನ್ನೂ ಬಂದಿಲ್ಲ. ತಪ್ಪಾದರೆ ಒರೆಸಿದರಾಯಿತು, ಹಾಳೆ ಹರಿಯುವ ಭಯವಿಲ್ಲ. ಈ ಸಲದ ಚೀಟಿಯಲ್ಲಿ ಒಂದು ಸ್ಲೇಟು, ಒಂದು ಪೊಟ್ಟಣ ಬಳಪ ಸೇರಿಸಿಕೊಂಡರೆ ಮನೆಯ ಅಭ್ಯಾಸಕ್ಕೆಂದು ಎರಡು ಪುಸ್ತಕ ಕೊಳ್ಳುವುದು ತಪ್ಪುತ್ತದೆ.

ಇನ್ನು ತೂಕದ ವಿಚಾರ. ಅಗಲ 17, ಉದ್ದ 24 ಸೆಂಟಿಮೀಟರಿನ ಪುಸ್ತಕ, ಚದರ ಮೀಟರಿಗೆ 58 ಗ್ರಾಂ ತೂಗುವ ಕಾಗದ ಎಂದಿಟ್ಟುಕೊಳ್ಳಿ. ಇನ್ನೂರು ಪುಟ, ಅಂದರೆ ನೂರು ಹಾಳೆ, ಸುಮಾರು 237 ಗ್ರಾಂ ತೂಗುತ್ತದೆ. ರಟ್ಟು, ಬೈಂಡು ಸೇರಿದರೆ ಕಾಲು ಕಿಲೋ. ಎಂಟು ವಿಷಯಕ್ಕೆ ಎಂಟು ಪುಸ್ತಕ ಹೊತ್ತರೆ ನೋಟ್ ಪುಸ್ತಕಗಳೇ ಎರಡು ಕಿಲೋ. ಕರ್ನಾಟಕ ಸರ್ಕಾರ 2019ರಲ್ಲಿ ಹೊರಡಿಸಿದ ಆದೇಶದ ಪ್ರಕಾರ ಒಂದು ಎರಡನೇ ತರಗತಿಯ ಮಗುವಿನ ಬ್ಯಾಗು ಒಂದೂವರೆಯಿಂದ ಎರಡು ಕಿಲೋ, ಮೂರರಿಂದ ಐದನೇ ತರಗತಿಗೆ ಎರಡರಿಂದ ಮೂರು, ಆರರಿಂದ ಎಂಟಕ್ಕೆ ಮೂರರಿಂದ ನಾಲ್ಕು, ಒಂಬತ್ತು ಹತ್ತಕ್ಕೆ ನಾಲ್ಕರಿಂದ ಐದು ಕಿಲೋ ಮೀರಬಾರದು. ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ದಿನ. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿಯೂ ಬ್ಯಾಗು ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದೆಂದಿದೆ. ಎರಡು ಕಿಲೋ ನೋಟ್ ಪುಸ್ತಕದ ಮೇಲೆ ಪಠ್ಯಪುಸ್ತಕ, ನೀರಿನ ಬಾಟಲಿ, ಊಟದ ಡಬ್ಬಿ, ಮಳೆಗಾಲದಲ್ಲಿ ಕೊಡೆ ಸೇರಿದರೆ ನಾಲ್ಕನೇ ತರಗತಿಯ ಮಗುವಿನ ಬೆನ್ನು ಏನಾಗಬೇಕು?

ಆದ್ದರಿಂದ ಇನ್ನೂರು ಪುಟದ ಡಜನ್ನು ಕೊಳ್ಳುವ ಅಭ್ಯಾಸವನ್ನು ಪೋಷಕರು ಬಿಡುವುದು ಒಳ್ಳೆಯದು. ನೂರು ಪುಟದ ಪುಸ್ತಕ ತಂದು, ದಸರೆಯ ತನಕ ಒಂದು, ದಸರೆ ಕಳೆದ ಮೇಲೆ ಇನ್ನೊಂದು ಎಂದು ಎರಡು ಪಾಲು ಮಾಡಬಹುದು. ಎರಡನೇ ಅವಧಿಯ ಪುಸ್ತಕಗಳು ಬೀರುವಿನಲ್ಲೇ ಇರಲಿ. ಪೆನ್ಸಿಲು, ರಬ್ಬರು, ಬಣ್ಣದ ಕಡ್ಡಿಗೂ ಇದೇ ನಿಯಮ. ವರ್ಷದ್ದೆಲ್ಲ ಜೂನಿನಲ್ಲೇ ಮಗುವಿನ ಕೈಗೆ ಬಂದರೆ ಆಗಸ್ಟಿನ ಹೊತ್ತಿಗೆ ಅರ್ಧ ಕಳೆದುಹೋಗಿರುತ್ತದೆ. ಹೆಬ್ಬೆರಳುದ್ದದ ಪೆನ್ಸಿಲುಗಳನ್ನೂ ಎಸೆಯಬೇಕಿಲ್ಲ. ಖಾಲಿಯಾದ ಪೆನ್ನಿನ ಕೊಳವೆಗೆ ಸಿಕ್ಕಿಸಿದರೆ ಇನ್ನೂ ಒಂದು ತಿಂಗಳು ಬರೆಯುತ್ತವೆ.

ಬೈಂಡು ಹಾಕುವ ಕೆಲಸ ಮನೆಮನೆಯಲ್ಲೂ ಅಮ್ಮನ ಪಾಲಿಗೇ ಬರುತ್ತದೆ. ಮೂರನೇ ತರಗತಿ ದಾಟಿದ ಮಗುವಿಗೆ ಅದನ್ನು ಕಲಿಸಿಬಿಡಬೇಕು. ಮೊದಲೆರಡು ಪುಸ್ತಕದ ಮೂಲೆ ಸೊಟ್ಟಗಾಗುತ್ತದೆ, ಆಗಲಿ. ಲೇಬಲ್ ಮೇಲೆ ಹೆಸರನ್ನೂ ಮಗುವೇ ಬರೆಯಬೇಕು. ವಿಷಯಕ್ಕೊಂದು ಬಣ್ಣ ಗೊತ್ತುಮಾಡುವುದು ಬಲು ಉಪಯೋಗದ ಕ್ರಮ. ಕನ್ನಡಕ್ಕೆ ಹಳದಿ ಎಂದಾದರೆ ಕನ್ನಡದ ಪಠ್ಯ, ನೋಟ್ಸು, ಪರೀಕ್ಷೆಯ ಹಾಳೆ ಎಲ್ಲದರ ಬೆನ್ನಿಗೂ ಹಳದಿ ಕಾಗದದ ಸಣ್ಣ ಪಟ್ಟಿ. ಗಣಿತಕ್ಕೆ ನೀಲಿ, ಪರಿಸರಕ್ಕೆ ಹಸಿರು. ಬಣ್ಣ ಯಾವುದೆಂದು ಆರಿಸುವುದು ಮಗು. ತಾನೇ ಆರಿಸಿದ ಬಣ್ಣ ಮರೆಯುವುದಿಲ್ಲ, ಬೆಳಿಗ್ಗೆ ಏಳೂವರೆಗೆ "ನನ್ನ ಗಣಿತದ ಪುಸ್ತಕ ಎಲ್ಲಿ" ಎಂಬ ಕೂಗೂ ಏಳುವುದಿಲ್ಲ. ಎಲ್ಲ ಸರಿಯಾಗಿ ಜೋಡಿಸಿದ ಮನೆಯಲ್ಲೂ ವ್ಯವಸ್ಥೆ ಮುರಿದುಬೀಳುವುದು ಜೋಡಿಸಿದವರು ಬೇರೆ, ಬಳಸುವವರು ಬೇರೆ ಆದಾಗ. ಮಗುವಿನ ಕೈಗೆ ಎಟುಕದ ಕಪಾಟಿನಲ್ಲಿ ಎಷ್ಟು ಚಂದವಾಗಿ ಇಟ್ಟರೂ ಅದು ಅಮ್ಮನ ವ್ಯವಸ್ಥೆಯೇ ಆಗಿರುತ್ತದೆ. ಮಗುವಿನ ಎದೆಯೆತ್ತರಕ್ಕೆ ಒಂದು ಹಲಗೆ, ಅದರ ಕೆಳಗೆ ಬ್ಯಾಗು ತೂಗುಹಾಕಲು ಒಂದು ಗೂಟ ಸಾಕು.

ಮಲೆನಾಡಿನ ಬಾಗಿಲಲ್ಲಿರುವ ಊರಿಗೆ ಮಳೆಯೂ ಒಂದು ವಿಷಯವೇ. ಜೂನ್ ಜುಲೈನಲ್ಲಿ ಗೋಡೆಯೇ ಬೆವರುವಾಗ ಗೋಡೆಗೆ ಅಂಟಿಸಿ ಇಟ್ಟ ಪುಸ್ತಕಕ್ಕೆ ಬೂಷ್ಟು ಹಿಡಿಯದಿರುತ್ತದೆಯೇ? ಹಲಗೆಗೂ ಗೋಡೆಗೂ ನಡುವೆ ನಾಲ್ಕು ಬೆರಳು ಜಾಗ ಬಿಡಬೇಕು. ಮಳೆಗಾಲ ಮುಗಿಯುವವರೆಗೆ ಮಕ್ಕಳಿಗೆ ಜೆಲ್ ಪೆನ್ನು ಕೊಡದಿರುವುದು ಲೇಸು; ನೀರು ತಾಗಿದರೆ ಜೆಲ್ ಶಾಯಿ ಕದಡಿ ಹರಿಯುತ್ತದೆ, ಎಣ್ಣೆಯ ಶಾಯಿ ತುಂಬಿದ ಬಾಲ್ ಪೆನ್ನಿನ ಅಕ್ಷರ ನಿಲ್ಲುತ್ತದೆ. ಪುಸ್ತಕ ನೆನೆದು ಬಂದರೆ ಒಲೆಯ ಮುಂದೆ ಹಿಡಿಯಬಾರದು, ಹಾಳೆ ಸುರುಟಿಕೊಂಡು ಗರಿಗರಿಯಾಗುತ್ತದೆ. ಹತ್ತು ಹಾಳೆಗೊಂದರಂತೆ ಹಳೆಯ ಪತ್ರಿಕೆಯ ತುಂಡು ಇಟ್ಟು, ಪುಸ್ತಕವನ್ನು ಫ್ಯಾನಿನ ಕೆಳಗೆ ನಿಲ್ಲಿಸಿ, ಗಂಟೆಗೊಮ್ಮೆ ಪತ್ರಿಕೆ ಬದಲಿಸುತ್ತಿದ್ದರೆ ಮರುದಿನಕ್ಕೆ ಬರೆಯುವಂತಾಗುತ್ತದೆ. ಪೂರ್ತಿ ಒಣಗಿದ ಮೇಲೆ ಮಣೆಯ ಕೆಳಗೆ ಭಾರ ಹೇರಿ ಒಂದು ರಾತ್ರಿ ಇಟ್ಟರೆ ಹಾಳೆ ನೇರವಾಗುತ್ತದೆ.

ಮನೆಯಲ್ಲಿ ಓದಿನ ಜಾಗ ಎಂದರೇನೆಂದು ಈ ಸೀಮೆಗೆ ಕಲಿಸಿದ್ದು 2020. ಆ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠ ಬಂತು. ಆಗಸ್ಟಿನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾಗಿ ಶಿಕ್ಷಕರೇ ಊರೂರಿಗೆ ಬಂದರು. ದೇವಸ್ಥಾನದ ಪೌಳಿ, ಮರದ ನೆರಳು, ಯಾರದೋ ಮನೆಯ ಜಗುಲಿ ತರಗತಿಯಾದವು. ಅಕ್ಟೋಬರಿನಲ್ಲಿ ಅದೂ ನಿಂತು, ಮುಂದಿನ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಮಲೆನಾಡಿನ ಹಳ್ಳಿಗಳಲ್ಲಿ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಕೊಡೆಯ ಕೆಳಗೆ ಕೂತು ಮೊಬೈಲಿನಲ್ಲಿ ಪಾಠ ಕೇಳಿದರು. ಆ ತಿಂಗಳುಗಳಲ್ಲಿ ಪ್ರತಿ ಮನೆಯೂ ಶಾಲೆಯೇ ಆಗಿತ್ತು. ನಿನ್ನೆ ಎಲ್ಲಿಗೆ ನಿಂತಿತು, ಇಂದು ಎಲ್ಲಿಂದ ಶುರು ಎಂಬುದನ್ನು ಹೇಳುವ ಶಿಕ್ಷಕರು ಎದುರಿಗಿಲ್ಲದಾಗ ಆ ಮಾತನ್ನು ಪುಸ್ತಕವೇ ಹೇಳಬೇಕು. ಪುಟದ ತಲೆಗೆ ದಿನಾಂಕ ಮತ್ತು ಪಾಠದ ಹೆಸರು ಬರೆಯುವುದು ಎಷ್ಟು ದೊಡ್ಡ ಕೆಲಸವೆಂದು ತಾಯಂದಿರಿಗೆ ಗೊತ್ತಾದದ್ದು ಆಗ.

ಮನೆಪಾಠ ಈ ಜಿಲ್ಲೆಗೆ ಹೊಸತೇನಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ಮೊದಲ ಓದು ನಡೆದದ್ದು ಮನೆಯಲ್ಲೇ, ದಕ್ಷಿಣ ಕನ್ನಡದಿಂದ ಬಂದ ಉಪಾಧ್ಯಾಯರ ಕೈಕೆಳಗೆ. ತೀರ್ಥಹಳ್ಳಿಯ ಶಾಲೆಗೆ ಸೇರಿದ್ದು ಆಮೇಲೆ. ಇಂದು ಕೆಲವು ತಂದೆತಾಯಿ ಬೇಕೆಂದೇ ಮಕ್ಕಳನ್ನು ಮನೆಯಲ್ಲಿ ಓದಿಸುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಮಗುವಿನ ಆರೋಗ್ಯದ ಕಾರಣಕ್ಕೆ ಅದು ಅನಿವಾರ್ಯ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣ ಕಡ್ಡಾಯ ಮಾಡಿದೆ, ಮನೆಶಾಲೆಗೆಂದು ಅದರಲ್ಲಿ ಬೇರೆ ನಿಯಮವಿಲ್ಲ. ಇಂಥ ಮಕ್ಕಳಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಮೂರು, ಐದು ಮತ್ತು ಎಂಟನೇ ತರಗತಿಗೆ ಸಮನಾದ ಮೂರು ಹಂತಗಳನ್ನೂ, ಮುಂದೆ ಹತ್ತನೆಯ ತರಗತಿಯ ಪರೀಕ್ಷೆಯನ್ನೂ ಇಟ್ಟಿದೆ. ರಾಜ್ಯದ ಪಠ್ಯಪುಸ್ತಕಗಳು ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಮನೆಯಲ್ಲೇ ಓದಿಸುವವರಿಗೆ ಶಾಲೆಯ ಚೀಟಿ ಇಲ್ಲ, ಚೀಟಿಯನ್ನು ತಾವೇ ಬರೆದುಕೊಳ್ಳಬೇಕು. ವಿಷಯಕ್ಕೊಂದು ಪುಸ್ತಕದ ಜೊತೆಗೆ ಒಂದು ದಿನಚರಿ ಪುಸ್ತಕ ಅಗತ್ಯ. ಆ ದಿನ ಓದಿದ್ದು, ನೋಡಿದ್ದು, ಮಾಡಿದ್ದು ಎರಡು ಸಾಲಿನಲ್ಲಿ. ತುಂಗಾ ಸೇತುವೆಯ ಮೇಲೆ ನಿಂತು ನೀರಿನ ಮಟ್ಟ ನೋಡಿದ್ದೂ ಪಾಠವೇ, 1965ರಿಂದ ಈ ಸೀಮೆಗೆ ದನಿಯಾಗಿರುವ ಭದ್ರಾವತಿ ಆಕಾಶವಾಣಿಯಲ್ಲಿ ಕೇಳಿದ ಕಥೆಯೂ ಪಾಠವೇ. ಬಿಡಿ ಹಾಳೆ, ಚಿತ್ರ, ಎಲೆ ಒತ್ತಿದ ಕಾಗದಗಳನ್ನು ತಿಂಗಳಿಗೊಂದು ಫೈಲಿನಲ್ಲಿ ಹಾಕಿ ಮೇಲೆ ತಿಂಗಳ ಹೆಸರು ಬರೆದಿಟ್ಟರೆ, ಮುಂದೆ ಶಾಲೆಗೆ ಸೇರಿಸುವಾಗ ಮಗು ಏನು ಕಲಿತಿದೆಯೆಂದು ತೋರಿಸಲು ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಳೆಯ ಪುಸ್ತಕಗಳಲ್ಲಿ ಯಾವುದನ್ನು ರದ್ದಿಗೆ ಹಾಕುವುದು, ಯಾವುದನ್ನು ಇಟ್ಟುಕೊಳ್ಳುವುದು? ಎಲ್ಲವನ್ನೂ ಇಡಲು ಯಾವ ಮನೆಯಲ್ಲೂ ಜಾಗವಿಲ್ಲ. ಗಣಿತದ್ದು ಒಂದು ವರ್ಷ ಇರಲಿ, ಹೊಸ ಪಾಠಕ್ಕೆ ಹಳೆಯ ಸೂತ್ರ ಬೇಕಾಗುತ್ತದೆ. ಪ್ರತಿ ವರ್ಷದ್ದೂ ಒಂದೇ ಒಂದು ಕನ್ನಡ ಪುಸ್ತಕ, ಮಗು ತಾನೇ ಬರೆದ ಪ್ರಬಂಧವೋ ಪತ್ರವೋ ಇರುವಂಥದ್ದು, ಸದಾಕಾಲಕ್ಕೂ ಇರಲಿ. ಹತ್ತು ವರ್ಷಕ್ಕೆ ಹತ್ತು ಪುಸ್ತಕ, ಒಂದು ಸಣ್ಣ ಪೆಟ್ಟಿಗೆ ಸಾಕು. ಅ ಆ ತಿದ್ದಿದ ಕೈ ಎಸ್ಸೆಸ್ಸೆಲ್ಸಿಯ ಉತ್ತರ ಬರೆಯುವ ಕೈಯಾದ ಬಗೆ ಆ ಪೆಟ್ಟಿಗೆಯಲ್ಲಿರುತ್ತದೆ.

ಕೊನೆಯದಾಗಿ, ಜೂನಿನಲ್ಲಿ ಸರ್ಕಾರಿ ಶಾಲೆಗಳಿಗೆ ನೋಟ್ ಪುಸ್ತಕ ಹಂಚುವ ಸಂಘ ಸಂಸ್ಥೆಗಳವರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಪಠ್ಯಪುಸ್ತಕ, ಸಮವಸ್ತ್ರ, ಶೂ ಸರ್ಕಾರ ಕೊಡುತ್ತದೆ. ನೋಟ್ ಪುಸ್ತಕದ ಖರ್ಚು ಕೂಲಿ ಮಾಡುವ ತಾಯಿಯ ಸೆರಗಿನ ಗಂಟಿನಿಂದಲೇ ಬರಬೇಕು. ಆದ್ದರಿಂದ ನಿಮ್ಮ ಕೊಡುಗೆ ದೊಡ್ಡದು. ಆದರೆ ಎಲ್ಲ ಮಕ್ಕಳಿಗೂ ಇನ್ನೂರು ಪುಟದ ಒಂದೇ ಬಗೆಯ ಪುಸ್ತಕ ಕೊಟ್ಟರೆ ಎರಡನೇ ತರಗತಿಯ ಮಗುವಿಗೆ ಬೇಕಾದ ಗೀಟಿನ ಪುಸ್ತಕ, ಚೌಕದ ಪುಸ್ತಕ ಸಿಗದೇ ಹೋಗುತ್ತದೆ. ಕೊಳ್ಳುವ ಮೊದಲು ಶಾಲೆಗೆ ಹೋಗಿ, ಯಾವ ತರಗತಿಗೆ ಯಾವ ಪುಸ್ತಕ ಎಷ್ಟು ಬೇಕೆಂದು ಶಿಕ್ಷಕರನ್ನು ಕೇಳಿ ಬರೆದುಕೊಳ್ಳಿ. ಅರ್ಧವನ್ನು ಜೂನಿನಲ್ಲಿ ಕೊಡಿ, ಉಳಿದರ್ಧವನ್ನು ದಸರೆ ರಜೆ ಮುಗಿದು ಮಕ್ಕಳು ಮರಳಿದ ದಿನ ಕೊಡಿ. ಪುಸ್ತಕ ಖಾಲಿಯಾಗುವುದು ಆಗಲೇ, ಆ ಹೊತ್ತಿಗೆ ಶಾಲೆಯ ಬಾಗಿಲಿಗೆ ಯಾರೂ ಬಂದಿರುವುದಿಲ್ಲ.